ಹಾಸ್ಟೆಲ್ಲು ಸಿಕ್ಕಿದ್ದು ಯಾವ ತಿಂಗಳು?

ನಮ್ಮ ವಾಚನಾಲಯದ ಈ ಲೇಖನ ಮಾಲೆಯಲ್ಲಿ ಎಂಟು ವರ್ಷದ ಹಿಂದೆ 'ನನ್ನ ಎಂ.ಎ. ದಿನಗಳು' ಎಂಬ ಒಂದು ಲೇಖನ ಬಂದಿತ್ತು. ಬರೆದವನು ನಾನೇ. ಓದಿದವರೆಲ್ಲ ಒಳ್ಳೆಯದಾಗಿದೆ ಎಂದರು. ಸ್ಟಾಫ್ ರೂಮಿನಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಹೇಳಿದ್ದೂ ಉಂಟು. ಈ ಸಲ ಸಂಪಾದಕರು "ಒಂದು ವಿಮರ್ಶೆ ಬೇಕು ಮಾಷ್ಟ್ರೆ, ಯಾವ ಪುಸ್ತಕದ್ದಾದರೂ ಅಡ್ಡಿಯಿಲ್ಲ" ಎಂದಾಗ, ಎಂ.ಎ. ಓದಿದವರು ತಮ್ಮ ಓದಿನ ದಿನಗಳ ಬಗ್ಗೆ ಕನ್ನಡದಲ್ಲಿ ಬರೆದದ್ದನ್ನೇ ತೆಗೆದುಕೊಳ್ಳುವ ಅಂತ ತೋರಿತು. ಅದರಲ್ಲಿ ನನ್ನ ಲೇಖನವೂ ಸೇರಿದೆ. ಹೀಗೆ ತೋರಲು ಕಾರಣ ಒಬ್ಬಳು ಹುಡುಗಿ.

ಹತ್ತನೇ ತರಗತಿಯವರೆಗೆ ನನ್ನ ಕೈಯಲ್ಲೇ ಕನ್ನಡ ಕಲಿತವಳು. ಬಿ.ಎ.ಯಲ್ಲಿ ಒಳ್ಳೆ ಮಾರ್ಕು. ಘಟ್ಟದ ಮೇಲಿನ ಒಂದು ಸರ್ಕಾರಿ ವಿಶ್ವವಿದ್ಯಾನಿಲಯಕ್ಕೆ ಎಂ.ಎ.ಗೆ ಸೇರಿದಳು. ಮೂರನೇ ತಿಂಗಳಲ್ಲಿ ಚೀಲ ಹೊತ್ತುಕೊಂಡು ವಾಪಸು ಬಂದಳು. ಯಾವ ವಿಶ್ವವಿದ್ಯಾನಿಲಯ ಎಂದು ಹೇಳುವುದಿಲ್ಲ. ನಾನು ಓದಿದ್ದು ಯಾವುದು ಎಂದೂ ಇಲ್ಲಿ ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಚೊಕ್ಕ ಎಂದಾಗುತ್ತದೆ. ಹಳೆಯ ಲೇಖನ ಓದಿ ಗೊತ್ತಿದ್ದವರು ಸುಮ್ಮನಿರಬೇಕು.

ಒಂದು ಸಂಜೆ ವಾಚನಾಲಯದ ಜಗಲಿಯಲ್ಲಿ ಸಿಕ್ಕಿದಳು. ಯಾಕೆ ಬಿಟ್ಟು ಬಂದೆ ಅಂತ ನಾನು ಕೇಳಲಿಲ್ಲ. ಅವಳೇ ಹೇಳಿದಳು: "ಸರ್, ಹೋಗುವ ಮೊದಲು ನಿಮ್ಮ ಲೇಖನ ಎರಡು ಸಲ ಓದಿದ್ದೆ. ಹಾಸ್ಟೆಲ್ಲು ಸಿಕ್ಕಿದ್ದು ಯಾವ ತಿಂಗಳು ಅಂತ ನೀವು ಅದರಲ್ಲಿ ಬರೀಲಿಲ್ಲ. ಹೋದ ಕೂಡಲೇ ಸಿಗ್ತದೆ ಅಂತ ಗ್ರಹಿಸಿದೆ. ಸಿಗದೆ ಇದ್ದಾಗ ನನಗೆ ಮಾತ್ರ ಹೀಗೆ ಅಂತ ಗ್ರಹಿಸಿದೆ."

ಆಕ್ಷೇಪದ ದನಿ ಇರಲಿಲ್ಲ. ಅದಕ್ಕೇ ಹೆಚ್ಚು ತಾಗಿತು.

ಮನೆಗೆ ಹೋಗಿ ಆ ಸಂಕಲನ ತೆಗೆದು ನನ್ನದೇ ಲೇಖನವನ್ನು ಪರರದ್ದು ಎಂಬಂತೆ ಓದಿದೆ, ಉತ್ತರಪತ್ರಿಕೆ ತಿದ್ದುವ ಹಾಗೆ ಕೆಂಪು ಪೆನ್ನು ಹಿಡಿದುಕೊಂಡು. ಆರು ಪುಟ. 'ಪೂಜ್ಯ' ಎಂಬ ಶಬ್ದ 14 ಸಲ. ಹೆಸರು ಹಿಡಿದು ನೆನೆದ ಗುರುಗಳು 11 ಮಂದಿ. ಗ್ರಂಥಾಲಯದ ಬಗ್ಗೆ ಒಂದು ಪ್ಯಾರ, ಸೆಮಿನಾರಿನ ಬಗ್ಗೆ ಒಂದು, ಬಯಲಿನಲ್ಲಿ ಗುಲ್‌ಮೊಹರ್ ಹೂ ಬಿಟ್ಟಿದ್ದರ ಬಗ್ಗೆ ಒಂದು. ಒಂದೇ ಒಂದು ರೂಪಾಯಿಯ ಲೆಕ್ಕ ಇಲ್ಲ. ಎಲ್ಲಿ ಮಲಗಿದೆ, ಏನು ತಿಂದೆ, ಯಾವ ಕಚೇರಿಯ ಮುಂದೆ ಎಷ್ಟು ದಿನ ನಿಂತೆ ಎಂಬುದೂ ಇಲ್ಲ. ಲೇಖನದಲ್ಲಿರುವ ಹುಡುಗನಿಗೆ ಹೊಟ್ಟೆಯೇ ಇಲ್ಲ ಮಾರಾಯ್ರೆ.

ಇದು ನಾನೊಬ್ಬ ಕಂಡುಹಿಡಿದ ಶೈಲಿಯಲ್ಲ. ನಮ್ಮಲ್ಲಿ ಅಭಿನಂದನ ಗ್ರಂಥಗಳೆಂಬ ದೊಡ್ಡ ರಾಶಿಯೇ ಉಂಟು. ಅವುಗಳಲ್ಲಿ ಶಿಷ್ಯರು ಬರೆಯುವ ಲೇಖನಗಳನ್ನು ಓದಿ: ಊರಿನಿಂದ ಹೆದರುತ್ತ ಬಂದ ಬಡ ಹುಡುಗ, ಮೊದಲ ದಿನದ ತರಗತಿ, ಗುರುಗಳ ಕಂಚಿನ ಕಂಠ, ಗುರುಪತ್ನಿ ಕೊಟ್ಟ ಕಾಫಿ, ಕೊನೆಗೆ ಕೆಲಸದ ಆರ್ಡರು. 'ಬಡ' ಎನ್ನುವ ಶಬ್ದ ಮೊದಲ ವಾಕ್ಯದಲ್ಲಿ ಬಂದು ಹೋಗುತ್ತದೆ, ಅದರ ನಂತರ ಆ ಬಡತನ ಏನು ಮಾಡಿತು ಎಂಬ ಸುದ್ದಿ ಇಲ್ಲ. ನಾನು ಬರೆಯುವಾಗ ಆ ರಾಶಿಯೇ ನನ್ನ ಕೈ ಹಿಡಿದು ಬರೆಸಿತು.

ಅಂಥ ಬರವಣಿಗೆಯ ಮೂಲ ಹುಡುಕಿದರೆ ಕೆಲವರು ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' ಕಡೆಗೆ ಬೆರಳು ತೋರಿಸಿಯಾರು. ಅದು ಅನ್ಯಾಯ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಕನ್ನಡ ಎಂ.ಎ. ತರಗತಿ ಶುರುವಾದಾಗ ಮೊದಲ ತಂಡದಲ್ಲೇ ಅವರಿದ್ದರು; ಡಿ.ಎಲ್. ನರಸಿಂಹಾಚಾರ್ ಸಹಪಾಠಿ. 1929ರಲ್ಲಿ ಮುಗಿಸಿ ಮಹಾರಾಜಾ ಕಾಲೇಜಿನಲ್ಲೇ ಅಧ್ಯಾಪಕರಾದರು. ಟಿ.ಎಸ್. ವೆಂಕಣ್ಣಯ್ಯನವರಂಥ ಗುರುಗಳು; ಆ ಋಣಕ್ಕೆ 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನೇ ಅವರಿಗೆ ಅರ್ಪಿಸಿದರು. ವಾಸ ರಾಮಕೃಷ್ಣಾಶ್ರಮದಲ್ಲಿ. ಆಶ್ರಮದ ಊಟ, ಆಶ್ರಮದ ಕೋಣೆ. ಎಲ್ಲಿ ಮಲಗುವುದು ಎಂಬ ಚಿಂತೆ ಇಲ್ಲದವನ ನೆನಪಿನಲ್ಲಿ ಗುರುಗಳಿಗೂ ಕವಿತೆಗೂ ಜಾಗ ಹೆಚ್ಚು ಸಿಗುವುದು ಸಹಜ. ಆದರೂ ಅವರು ಅಂದಂದಿನ ದಿನಚರಿಯ ತುಣುಕುಗಳನ್ನು ಪುಸ್ತಕದೊಳಗೆ ಸೇರಿಸಿದ್ದಾರೆ. ದಿನಚರಿ ಸುಲಭಕ್ಕೆ ಸುಳ್ಳು ಹೇಳುವುದಿಲ್ಲ, ಮುಂದೆ ತಾನು ಯಾರಾಗುತ್ತೇನೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲವಲ್ಲ. ನಾವು ಅನುಕರಿಸಿದವರು ಅವರ ಭಕ್ತಿಯನ್ನು ತೆಗೆದುಕೊಂಡೆವು, ದಿನಚರಿಯನ್ನು ಬಿಟ್ಟೆವು. ಇನ್ನೊಂದು ವ್ಯತ್ಯಾಸವೂ ಉಂಟು. ಅವರ ತರಗತಿಯಲ್ಲಿ ಬೆರಳೆಣಿಕೆಯ ಹುಡುಗರು. ಗುರುಗಳ ಮನೆಯೇ ಎರಡನೇ ತರಗತಿ. ನಮ್ಮ ಕಾಲಕ್ಕೆ ತರಗತಿಯಲ್ಲಿ ಅರುವತ್ತು ಜನ. ಗುರುಗಳಿಗೆ ನನ್ನ ಹೆಸರು ಗೊತ್ತಾದದ್ದು ಎರಡನೇ ವರ್ಷದಲ್ಲಿ. ಆದರೂ ನಾನು ಬರೆದದ್ದು ಮನೆಯಂಗಳದ ಶಿಷ್ಯನ ಭಾಷೆಯಲ್ಲಿ.

ತೇಜಸ್ವಿಯವರ 'ಅಣ್ಣನ ನೆನಪು' ಓದಿದರೆ ಈ ಭಕ್ತಿಯ ಜ್ವರ ಸ್ವಲ್ಪ ಇಳಿಯುತ್ತದೆ. ಮಾನಸಗಂಗೋತ್ರಿ ಕಟ್ಟಿದ ಕುಲಪತಿಯ ಮಗ ಮೈಸೂರಿನಲ್ಲಿ ಎಂ.ಎ. ಮುಗಿಸಿ, ಪಾಠ ಹೇಳುವ ಕೆಲಸಕ್ಕೆ ಹೋಗದೆ, ಮೂಡಿಗೆರೆ ಕಡೆ ತೋಟ ಮಾಡಿದವರು. ಡಿಗ್ರಿಯನ್ನು ಬದುಕಿನ ಶಿಖರ ಎಂದು ನೋಡದ ಒಬ್ಬನಾದರೂ ಇದ್ದದ್ದು ಒಳ್ಳೆಯದೇ. ಆದರೆ ಬಿಡುವ ಸ್ವಾತಂತ್ರ್ಯವೂ ಎಲ್ಲರಿಗೂ ಒಂದೇ ಅಲ್ಲ. ನಮ್ಮ ಹುಡುಗಿ ಬಿಟ್ಟು ಬಂದಾಗ ಊರಿನಲ್ಲಿ ಯಾರೂ ಅದನ್ನು ಸ್ವಾತಂತ್ರ್ಯ ಅನ್ನಲಿಲ್ಲ.

ನಾನು ಹೆಚ್ಚು ಹೊತ್ತು ಕೂತದ್ದು ಸಿದ್ಧಲಿಂಗಯ್ಯನವರ 'ಊರು ಕೇರಿ'ಯ ಮುಂದೆ. ಮೊದಲ ಸಲ ಓದಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಆಗ ನಗುತ್ತ ಓದಿ ಮುಗಿಸಿದ್ದೆ. ಎತ್ತಿನ ಬದಲು ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಇಟ್ಟು ಉಳುವುದನ್ನು ಒಬ್ಬ ಹುಡುಗ ನೋಡುತ್ತಾನೆ. ಆ ಇಬ್ಬರಲ್ಲಿ ಒಬ್ಬರು ಅವನ ಅಪ್ಪ. ಹೀಗೆ ಶುರುವಾಗುವ ಪುಸ್ತಕದಲ್ಲಿ ನಗು ಬರುವುದು ಹೇಗೆ? ಬರುತ್ತದೆ. ಡಿ.ಆರ್. ನಾಗರಾಜ್ ಆ ಪುಸ್ತಕದ ಬಗ್ಗೆ ಬರೆಯುತ್ತ ಬಡವರ ನಗುವಿಗೆ ಒಂದು ಶಕ್ತಿ ಉಂಟು ಎಂಬುದನ್ನು ಗುರುತಿಸಿದರು, ಅದು ಸರಿ. ನನಗೆ ಈ ಸಲ ಕಂಡದ್ದು ಇನ್ನೊಂದು ಸಂಗತಿ. ಮಾಗಡಿ ತಾಲೂಕಿನ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದ ಆ ಹುಡುಗನಿಗೆ ಹಾಸ್ಟೆಲ್ಲು ಅಂದರೆ ಓದಿನ ಹೊರಗಿನ ಜಾಗ ಅಲ್ಲ. ಹಸಿವು, ಗೆಳೆಯರು, ಭಾಷಣ, ಸಭೆ, ಜಗಳ ಎಲ್ಲ ಅಲ್ಲಿಯೇ. ಓದಿಗೆ ಸ್ಮಶಾನವೂ ಒಂದು ಜಾಗ. ಅವನು ಕವಿಯಾದದ್ದೂ ಆ ಕಾಲದಲ್ಲಿ. 'ಹೊಲೆಮಾದಿಗರ ಹಾಡು' 1975ರಲ್ಲಿ ಅಚ್ಚಾದಾಗ ಪ್ರಾಯ ಇಪ್ಪತ್ತೊಂದು, ಇನ್ನೂ ವಿದ್ಯಾರ್ಥಿ. ತರಗತಿಯಲ್ಲಿ ಜಿ.ಎಸ್. ಶಿವರುದ್ರಪ್ಪನವರಂಥ ಗುರುಗಳು ಇದ್ದರು, ಅವರ ಮೇಲೆ ಗೌರವವೂ ಇತ್ತು. ಗುರುವನ್ನು ಗೌರವಿಸಲು ಅನ್ನದ ಸುದ್ದಿ ಮುಚ್ಚಿಡಬೇಕಾಗಿಲ್ಲ ಎಂಬುದಕ್ಕೆ ಈ ಪುಸ್ತಕವೇ ಸಾಕ್ಷಿ.

ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರದ್ದು. ಅದರಲ್ಲಿ ನಗು ಕಮ್ಮಿ, ಕಡಿತ ಹೆಚ್ಚು. ಬಿಡಿಬಿಡಿ ಘಟನೆಗಳಾಗಿ ಬರೆದದ್ದು. ಹೆಸರನ್ನೇ ನೋಡಿ. ಸರ್ಕಾರದ ಸವಲತ್ತು ಪಡೆಯುವ ದಲಿತ ಹುಡುಗನನ್ನು ಹಂಗಿಸಲು ಇದ್ದ ಮಾತನ್ನೇ ಪುಸ್ತಕದ ಹಣೆಗೆ ಅಂಟಿಸಿದ್ದಾರೆ. ಸ್ಕಾಲರ್‌ಶಿಪ್ಪು ಅಂದರೆ ದುಡ್ಡು ಮಾತ್ರ ಅಲ್ಲ, ಅದರ ಜೊತೆಗೆ ಒಂದು ಅಡ್ಡಹೆಸರೂ ಕೈಗೆ ಬರುತ್ತದೆ ಎಂದು ಮುಖಪುಟದಲ್ಲೇ ಹೇಳಿದಂತಾಯಿತು. ನಮ್ಮ ಶಾಲೆಗಳಲ್ಲಿ ಸ್ಕಾಲರ್‌ಶಿಪ್ಪಿನ ಪಟ್ಟಿ ಗಟ್ಟಿಯಾಗಿ ಓದುವ ಅಧ್ಯಾಪಕರು (ನಾನೂ ಓದಿದ್ದೇನೆ) ಇದನ್ನು ಒಮ್ಮೆ ಓದಬೇಕು.

ಈ ಎರಡು ಪುಸ್ತಕಗಳಲ್ಲಿ ಕೊರತೆ ಇಲ್ಲವೆ? ಉಂಟು. 'ಊರು ಕೇರಿ'ಯ ನಗು ಎಷ್ಟು ಚಂದವೆಂದರೆ, ಕೆಲವು ಕಡೆ ನೋವು ಬರುವ ಮೊದಲೇ ಕತೆ ಮುಗಿದುಹೋಗುತ್ತದೆ. ಎಂ.ಎ. ತರಗತಿಯೊಳಗೆ ಏನು ಕಲಿಸಿದರು, ಹಳಗನ್ನಡದ ಯಾವ ಪದ್ಯ ಆ ಹುಡುಗನನ್ನು ಹಿಡಿಯಿತು, ಯಾವುದು ದೂಡಿತು ಎಂದು ತಿಳಿಯುವ ಆಸೆ ನನ್ನಂಥ ಕನ್ನಡ ಮಾಷ್ಟ್ರಿಗೆ, ಅದು ತೀರುವುದಿಲ್ಲ. ನಾಲ್ಕೂ ಪುಸ್ತಕ ಗಂಡಸರವು. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ, ಗ್ರಂಥಾಲಯ ಅದಕ್ಕಿಂತ ಎಷ್ಟು ಹೊತ್ತು ಮತ್ತೆ ಮುಚ್ಚುತ್ತದೆ, ನಡುವಿನ ಆ ಹೊತ್ತು ಯಾರ ಪಾಲಿನ ನಷ್ಟ ಎಂಬ ಲೆಕ್ಕ ಇವುಗಳಲ್ಲಿ ಸಿಗುವುದಿಲ್ಲ. ನಮ್ಮ ಹುಡುಗಿ ಇವನ್ನೆಲ್ಲ ಓದಿ ಹೋಗಿದ್ದರೂ ಅವಳ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಸಿಗುತ್ತಿತ್ತು.

ಉಳಿದ ಅರ್ಧ ನಮ್ಮ ಗಡಿಯದ್ದು. ಅದನ್ನು ಬೆಂಗಳೂರಿನವರೋ ಮೈಸೂರಿನವರೋ ಬರೆಯಬೇಕೆಂದು ಕಾಯುವುದು ಮೂರ್ಖತನ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದರ ಬಗ್ಗೆ ನಾವು ಕವಿತೆ ಬರೆದೆವು, ಭಾಷಣ ಮಾಡಿದೆವು, ಮೆರವಣಿಗೆ ಹೋದೆವು. ಆ ದಿನದಿಂದ ಇಲ್ಲಿಯವರೆಗೆ ಒಂದು ಎಂ.ಎ. ಅರ್ಜಿ ಎಷ್ಟು ಕಚೇರಿ ಹತ್ತಿಳಿಯುತ್ತದೆ ಎಂದು ಯಾರೂ ಬರೆದಂತಿಲ್ಲ. ನಮ್ಮ ಮಕ್ಕಳಿಗೆ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲೇ ಕನ್ನಡ ಎಂ.ಎ. ಉಂಟು, ಪೆರಿಯದಲ್ಲಿ, 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಉಂಟು. ಕೊಣಾಜೆಯ ಮಂಗಳಗಂಗೋತ್ರಿ 1968ರಲ್ಲಿ ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿ ಎಸ್.ವಿ. ಪರಮೇಶ್ವರ ಭಟ್ಟರ ನೇತೃತ್ವದಲ್ಲಿ ಶುರುವಾಗಿ 1980ರಲ್ಲಿ ಸ್ವಂತ ವಿಶ್ವವಿದ್ಯಾನಿಲಯವಾಯಿತು. ತಲಪಾಡಿ ದಾಟಿ ತೊಕ್ಕೊಟ್ಟಿನಲ್ಲಿ ಬಸ್ಸು ಬದಲಿಸಿ ದಿನಾ ಹೋಗಿ ಬರುವವರೇ ಇದ್ದರು. ಅದೇ ತಲಪಾಡಿಯಲ್ಲಿ 2020ರ ಮಾರ್ಚಿನಲ್ಲಿ ರಸ್ತೆ ಮುಚ್ಚಿತು. 2021ರ ಫೆಬ್ರವರಿಯಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಚೀಟಿ ಇಲ್ಲದೆ ಆಚೆ ಹೋಗಬಾರದು ಎಂದಾಯಿತು. ದಿನಾ ಹೋಗಿ ಬರುವ ಹುಡುಗ ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕೆ? ಆಗ ವಾಟ್ಸಾಪಿನಲ್ಲಿ ಎಷ್ಟು ಸಿಟ್ಟು ಹರಿದಾಡಿತು! ಆ ದಿನಗಳ ಬಗ್ಗೆ ಒಂದು ಪುಟದ ಬರಹ ನಮ್ಮ ಈ ಮಾಲೆಗೆ ಬಂದಿಲ್ಲ.

ಇನ್ನು ಕಾಗದಗಳು. ಕೇರಳದ ಡಿಗ್ರಿ ಹಿಡಿದು ಕರ್ನಾಟಕಕ್ಕೆ ಹೋದರೆ ಎಲಿಜಿಬಿಲಿಟಿ, ಮೈಗ್ರೇಷನ್. ಕರ್ನಾಟಕದ ಎಂ.ಎ. ಹಿಡಿದು ಕೆಲಸಕ್ಕೆ ಊರಿಗೆ ಬಂದರೆ ಇಲ್ಲಿ ಇಕ್ವಿವಲೆನ್ಸಿ: ಅಲ್ಲಿಯ ಎಂ.ಎ. ಇಲ್ಲಿಯ ಎಂ.ಎ.ಗೆ ಸಮ ಎಂದು ಇಲ್ಲಿಯ ಒಂದು ವಿಶ್ವವಿದ್ಯಾನಿಲಯ ಸೀಲು ಹಾಕಬೇಕು. ಪಂಪ ಎರಡೂ ಕಡೆ ಒಬ್ಬನೇ, ಸೀಲು ಮಾತ್ರ ಬೇರೆ. ನನ್ನ ಕಾಲದಲ್ಲಿ ಇನ್ನೊಂದು ತಮಾಷೆ ನಡೆಯಿತು. ವಿಲ್ಲೇಜ್ ಆಫೀಸಿನಿಂದ ತೆಗೆದುಕೊಂಡು ಹೋದ ನನ್ನ ಆದಾಯದ ಸರ್ಟಿಫಿಕೇಟು ಮಲಯಾಳದಲ್ಲಿತ್ತು. ಅಲ್ಲಿಯ ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನ್ರೀ ಜಿಲೇಬಿ ಇದ್ದಂಗಿದೆ, ಕನ್ನಡ ಓದೋಕೆ ಬಂದೋನು ಕನ್ನಡದಲ್ಲಿ ತಗೊಂಡ್ಬಾ" ಅಂದರು. ಊರಿಗೆ ಬಂದು ಕನ್ನಡದಲ್ಲಿ ಕೊಡಿ ಎಂದರೆ ಇಲ್ಲಿಯ ಆಫೀಸಿನಲ್ಲಿ ಕನ್ನಡ ಬರೆಯುವವರು ಇರಲಿಲ್ಲ. ಇಂಗ್ಲಿಷಿನಲ್ಲಿ ಬರೆಸಿಕೊಂಡು ಹೋಗುವಾಗ ಎರಡು ವಾರ ಕಳೆದಿತ್ತು, ಸ್ಕಾಲರ್‌ಶಿಪ್ಪಿನ ಕೊನೆಯ ದಿನವೂ ಕಳೆದಿತ್ತು.

ನನ್ನ ಹಳೆಯ ಲೇಖನದಲ್ಲಿ ಈ ಕತೆ ಇಲ್ಲ. ಅದರ ಬದಲು ಒಂದು ವಾಕ್ಯ ಉಂಟು: ಅಲ್ಲಿ ನನ್ನ ಭಾಷೆ ತಿದ್ದಿಕೊಂಡಿತು, ಎಂದು. ಕೆಂಪು ಪೆನ್ನು ಅಲ್ಲಿ ನಿಂತಿತು. ಆರು ಪುಟದಲ್ಲಿ ಇದೊಂದೇ ನಿಜವಾದ ವಾಕ್ಯ, ಆದರೆ ಅದನ್ನು ಉಪಕಾರ ಸ್ಮರಣೆಯ ಹಾಗೆ ಬರೆದುಬಿಟ್ಟಿದ್ದೇನೆ. ತಿದ್ದಿಕೊಂಡದ್ದು ಹೇಗೆ? ನಾನು 'ಉಂಟು' ಅಂದಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರೋ 'ಉಂಟು ಉಂಟು' ಎಂದು ಗಂಟೆ ಬಾರಿಸಿದ ಹಾಗೆ ಹೇಳುತ್ತಿದ್ದರು. 'ಎಂತ' ಅಂದರೆ ನಗು. ಹೆಸರಿಗಿಂತ ಮೊದಲು 'ಮಲಯಾಳಿ' ಎಂದು ಕರೆದರು. ಮೊದಲ ಸೆಮಿನಾರಿನ ದಿನ ನಾನು ಬರೆದುಕೊಂಡು ಹೋದದ್ದನ್ನು ಬಿಟ್ಟು ಕಣ್ಣೆತ್ತಲಿಲ್ಲ, ಬಾಯಿಂದ ಊರಿನ ಶಬ್ದ ಬಿದ್ದುಬಿಟ್ಟರೆ ಎಂಬ ಹೆದರಿಕೆ. ರಜೆಯಲ್ಲಿ ಊರಿಗೆ ಬಂದರೆ ಅಮ್ಮನೇ "ಎಂತದಾ ನಿನ್ನ ಮಾತು, ಪೇಟೆಯವರ ಹಾಗೆ" ಅಂದರು. ಮೂವತ್ತು ವರ್ಷ ಇಲ್ಲಿಯ ಮಕ್ಕಳಿಗೆ ಕನ್ನಡ ಕಲಿಸುವಾಗ ನಾನೂ 'ಉಂಟು'ವಿಗೆ ಕೆಂಪು ಗೆರೆ ಎಳೆದೆ. ಆ ಹುಡುಗಿಯ ಪುಸ್ತಕದಲ್ಲೂ ಎಳೆದಿರಬೇಕು.

ಲೇಖನದಿಂದ ಬಿಟ್ಟುಹೋದ ಇನ್ನೊಂದು ಹೆಸರಿದೆ. 11 ಮಂದಿ ಗುರುಗಳನ್ನು ನೆನೆದವನಿಗೆ ಆ ಒಬ್ಬ ಯಾಕೆ ನೆನಪಾಗಲಿಲ್ಲ ಎಂದು ಯೋಚಿಸಿದರೆ, ನೆನಪಿತ್ತು, ಬರೆಯಲು ನಾಚಿಕೆಯಾಯಿತು ಎಂಬುದೇ ಸತ್ಯ. ಅವನು ಕೋಲಾರದ ಕಡೆಯ ಹುಡುಗ, ಕೇರಿಯವನು. 'ಊರು ಕೇರಿ' ಮೊದಲ ಸಲ ಓದುವಾಗ ನಗು ಬಂದದ್ದು ಅವನ ಮಾತಿನ ನೆನಪಿನಿಂದಲೇ. ಅವನು ಮಾಡಿದ ಉಪಕಾರ ಹೇಳಬೇಕಾದರೆ ನಾನು ಹಾಸ್ಟೆಲ್ಲಿನಲ್ಲಿ ಕಳ್ಳನ ಹಾಗೆ ಇದ್ದೆ ಎಂದು ಹೇಳಬೇಕಾಗುತ್ತಿತ್ತು. ಮರ್ಯಾದೆಯ ಲೇಖನದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಇವತ್ತು ಅವನ ಹೆಸರು ಬರೆಯಬಹುದಿತ್ತು. ಎಲ್ಲಿದ್ದಾನೋ ಗೊತ್ತಿಲ್ಲ, ಕೇಳದೆ ಬರೆಯುವುದು ಸರಿಯಲ್ಲ.

ಈ ಸಂಕಲನ ಅಚ್ಚಾದ ಮೇಲೆ ಆ ಹುಡುಗಿ ಇದೇ ಜಗಲಿಯಲ್ಲಿ ಕೂತು ಓದುತ್ತಾಳೆ ಎಂದು ಗೊತ್ತು. ಹಾಗಾಗಿ ಹಳೆಯ ಲೇಖನದಲ್ಲಿ ಇರಬೇಕಾಗಿದ್ದ ಪ್ಯಾರವನ್ನು ಇಲ್ಲಿ ಬರೆಯುತ್ತೇನೆ.

ತರಗತಿ ಶುರುವಾದದ್ದು 1988ರ ಜುಲೈಯಲ್ಲಿ. ಹಾಸ್ಟೆಲ್ಲು ಸಿಕ್ಕಿದ್ದು ನವೆಂಬರ್ ಕೊನೆಯ ವಾರ. ಹೊರರಾಜ್ಯದವರ ಅರ್ಜಿ ಕೊನೆಗೆ ಎಂದು ಹೇಳಿದ್ದರು. ಮೊದಲ ಇಪ್ಪತ್ತು ದಿನ ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ, ಒಂದು ಕೋಣೆಗೆ ನಾಲ್ಕು ಜನ. ಅಮ್ಮ ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟು ಕಳಿಸಿದ ಮನಿಯಾರ್ಡರು ಅಲ್ಲಿಗೆ ಮುಗಿಯಿತು. ಊರಿಗೆ ಹೊರಡುವ ಅಂತ ಚೀಲ ಕಟ್ಟಿದ್ದೆ. ಕೋಲಾರದ ಹುಡುಗ "ಎಲ್ಲೋಯ್ತೀಯಾ, ಬಾ" ಎಂದು ತನ್ನ ಹಾಸ್ಟೆಲ್ ರೂಮಿಗೆ ಕರೆದುಕೊಂಡು ಹೋದ. ಅಲ್ಲಿ ಇಬ್ಬರ ಹೆಸರು ಬಾಗಿಲಲ್ಲಿತ್ತು, ಮೂರನೆಯವನು ನಾನು. ವಾರ್ಡನ್ನು ಬರುವ ದಿನ ಟೆರೇಸಿನ ಮೇಲೆ ಮಲಗಿದೆ. ಮೆಸ್ಸಿಗೆ ನಾನು ಹೋಗುವ ಹಾಗಿರಲಿಲ್ಲ. ಅವನು ತಟ್ಟೆಯಲ್ಲಿ ಜಾಸ್ತಿ ಹಾಕಿಸಿಕೊಂಡು ರೂಮಿಗೆ ತರುತ್ತಿದ್ದ. ಒಂದೇ ತಟ್ಟೆ, ಅರ್ಧ ಮುದ್ದೆ ಅವನಿಗೆ, ಅರ್ಧ ನನಗೆ. ಊರಿನ ಕುಚ್ಚಿಲಕ್ಕಿ ಗಂಜಿ ಉಂಡು ಬೆಳೆದ ನನಗೆ ಮೊದಲು ಅದನ್ನು ನುಂಗಲು ಬರುತ್ತಿರಲಿಲ್ಲ, ಅವನು ನೋಡಿ ನಗುತ್ತಿದ್ದ. ಹೀಗೆ ನಾಲ್ಕು ತಿಂಗಳು. ಬಡಿಸುವವರಿಗೆ ಎಲ್ಲ ಗೊತ್ತಿತ್ತು. ಅವನು ತಟ್ಟೆ ಹಿಡಿದು ನಿಂತರೆ ಏನೂ ಕೇಳದೆ ಇನ್ನೊಂದು ಸೌಟು ಸಾರು ಹಾಕುತ್ತಿದ್ದರು.